ಆರ್ದ್ರಾ ಯಾತ್ರೆ

ಕಾಶಿಗೆ ಹೊರಟವನನ್ನು ನೆರೆಹೊರೆಯವರು ಕೇಳತಕ್ಕ ಪ್ರಶ್ನೆಗಳು ಐದು. ಎಷ್ಟು ದೂರ? ಯಾವ ವಾಹನ? ಇಳಿದುಕೊಳ್ಳುವುದೆಲ್ಲಿ? ನೋಡತಕ್ಕದ್ದೇನು? ಹಿಂದಿರುಗುವುದೆಂದಿಗೆ? ಈ ಐದಕ್ಕೂ ಉತ್ತರವನ್ನು ಗಂಟಿನಲ್ಲಿ ಕಟ್ಟಿಕೊಂಡು ಹೊರಟವನು ಯಾತ್ರಿಕನು. ಉತ್ತರವಿಲ್ಲದೆ ಹೊರಟವನು ಅಲೆಮಾರಿ ಎಂದು ನಮ್ಮ ಹಿರಿಯರ ಎಣಿಕೆ. ವಾಚಕರನ್ನು ನಾನು ಇಂದು ಕರೆದೊಯ್ಯಬೇಕೆಂದಿರುವ ಕ್ಷೇತ್ರವು ಈ ಭೂಮಿಯ ಮೇಲಿನದಲ್ಲ. ಅಲ್ಲಿಗೆ ಈವರೆಗೆ ಯಾರೂ ಹೋಗಿ ಬಂದವರಿಲ್ಲ. ಆದರೂ ಆ ಐದು ಪ್ರಶ್ನೆಗಳನ್ನು ಕೈಬಿಡದೆ ಹೋಗೋಣ, ದಾರಿ ತಪ್ಪಲಾರದು.

ಕಳೆದ ಮಾಘಮಾಸದ ಒಂದು ರಾತ್ರಿ ಊಟವಾದ ಬಳಿಕ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದೆವು. ಆಕಾಶವು ನಿರ್ಮಲವಾಗಿತ್ತು. ನೆತ್ತಿಗೆ ತುಸು ದಕ್ಷಿಣದಲ್ಲಿ ಮಹಾವ್ಯಾಧನೆಂಬ ನಕ್ಷತ್ರಪುಂಜವು ಬೆಳಗುತ್ತಿತ್ತು. ನಡುಕಟ್ಟಿನಂತೆ ಒಂದೇ ಸಾಲಿನಲ್ಲಿರುವ ಮೂರು ನಕ್ಷತ್ರಗಳನ್ನು ಹಿಡಿದರೆ ಈ ಪುಂಜವನ್ನು ಮಕ್ಕಳೂ ಗುರುತಿಸಬಲ್ಲರು. ಆ ಸಾಲಿನ ಒಂದು ಪಕ್ಕದಲ್ಲಿ, ದಕ್ಷಿಣಕ್ಕೆ, ನೀಲಿಯೊಡೆದ ಬಿಳಿಯ ನಕ್ಷತ್ರವೊಂದುಂಟು. ಇನ್ನೊಂದು ಪಕ್ಕದಲ್ಲಿ, ಉತ್ತರಕ್ಕೆ, ಕೆಂಡದ ಬಣ್ಣದ್ದೊಂದುಂಟು. ನನ್ನ ಮೊಮ್ಮಗಳು ಆ ಕೆಂಡದ ಕಡೆಗೆ ಬೆರಳು ಮಾಡಿ, “ತಾತಾ, ಅದು ಯಾವ ಊರು?” ಎಂದಳು. ದೂರದ ಬೆಟ್ಟದ ಮೇಲೆ ರಾತ್ರಿಯ ಹೊತ್ತು ದೀಪ ಕಂಡಾಗಲೆಲ್ಲ ಹಾಗೆ ಕೇಳುವುದು ಅವಳ ಅಭ್ಯಾಸ. “ಅದು ಊರಲ್ಲಮ್ಮ, ನಕ್ಷತ್ರ. ಅದರ ಹೆಸರು ಆರ್ದ್ರೆ,” ಎಂದೆನು. “ಅಲ್ಲಿಗೆ ಹೋಗುವುದಕ್ಕಾಗುತ್ತದೆಯೇ?” ಎಂದು ಅವಳ ಎರಡನೆಯ ಪ್ರಶ್ನೆ. ಈ ಲೇಖನವು ಆ ಪ್ರಶ್ನೆಗೆ ನಾನು ಕೊಡಬೇಕಾಗಿ ಬಂದ ಉತ್ತರ.

ಮೊದಲು ಹೆಸರಿನ ವಿಚಾರ. ಆರ್ದ್ರವೆಂದರೆ ತೇವವಾದದ್ದು, ಒದ್ದೆಯಾದದ್ದು. ಇಪ್ಪತ್ತೇಳು ನಕ್ಷತ್ರಗಳಲ್ಲಿ ಇದು ಆರನೆಯದು. ರುದ್ರನು ಇದರ ಅಧಿದೇವತೆ. ನಮ್ಮ ರೈತರ ಬಾಯಲ್ಲಿ ಇದು ಆರಿದ್ರೆ. ಜೂನ್ ತಿಂಗಳ ೨೨ರ ಸುಮಾರಿಗೆ ಸೂರ್ಯನು ಆರ್ದ್ರೆಯನ್ನು ಪ್ರವೇಶಿಸಿದನೆಂದರೆ ಆರಿದ್ರಾ ಮಳೆ ಹುಟ್ಟಿತೆಂದು ಲೆಕ್ಕ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ ಎಂಬ ಗಾದೆಯನ್ನು ಕೇಳದ ಹಳ್ಳಿಯಿಲ್ಲ. ಪಶ್ಚಿಮದವರು ಇದೇ ನಕ್ಷತ್ರವನ್ನು ಬೆಟೆಲ್‌ಜ್ಯೂಸ್ ಎನ್ನುತ್ತಾರೆ. ಅದು ಅರಬ್ಬೀ ಭಾಷೆಯ ಹೆಸರೊಂದು ಬಾಯಿಂದ ಬಾಯಿಗೆ, ಪ್ರತಿಯಿಂದ ಪ್ರತಿಗೆ ಸಾಗುವಾಗ ಅಕ್ಷರ ತಪ್ಪಿ ಆದ ರೂಪ. ಇದರಲ್ಲಿ ಒಂದು ಸ್ವಾರಸ್ಯವುಂಟು. ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರ್ದ್ರಾ ನಕ್ಷತ್ರವು ಯಾರ ಕಣ್ಣಿಗೂ ಕಾಣುವುದಿಲ್ಲ. ಆಗ ಅದು ಸೂರ್ಯನ ಸಂಗಡ ಹಗಲಿನಲ್ಲಿ ಹುಟ್ಟಿ ಸೂರ್ಯನ ಸಂಗಡವೇ ಮುಳುಗುತ್ತದೆ. ಒಕ್ಕಲಿಗನು ಅದರ ಹೆಸರು ಹಿಡಿದು ಬೀಜ ಬಿತ್ತುವಾಗ ಅದು ಅವನ ನೆತ್ತಿಯ ಮೇಲೆಯೇ ಬಿಸಿಲಿನಲ್ಲಿ ಅಡಗಿರುತ್ತದೆ.

ಇನ್ನು ಮೊದಲನೆಯ ಪ್ರಶ್ನೆ: ಎಷ್ಟು ದೂರ? ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುತ್ತದೆ. ಚಂದ್ರನಿಂದ ನಮ್ಮಲ್ಲಿಗೆ ಬರಲು ಅದಕ್ಕೆ ಒಂದು ಸೆಕೆಂಡು ಮತ್ತು ಸ್ವಲ್ಪ. ಸೂರ್ಯನಿಂದ ಬರಲು ಎಂಟು ನಿಮಿಷ ಮತ್ತು ಸ್ವಲ್ಪ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರದಿಂದ ಬರಲು ನಾಲ್ಕು ವರ್ಷಕ್ಕೆ ಮೇಲೆ ಬೇಕು. ಹೀಗೆ ಬೆಳಕು ಒಂದು ವರ್ಷದಲ್ಲಿ ನಡೆಯುವ ದಾರಿಗೆ ಜ್ಯೋತಿರ್ವರ್ಷವೆಂದು ಹೆಸರು; ಅದು ಒಂಬತ್ತು ಲಕ್ಷ ಕೋಟಿ ಕಿಲೋಮೀಟರಿಗೂ ಮಿಗಿಲು. ಆರ್ದ್ರೆಯ ದೂರವನ್ನು ಅಳೆದವರಲ್ಲಿ ಒಮ್ಮತವಿಲ್ಲ. ಐನೂರು ಜ್ಯೋತಿರ್ವರ್ಷಗಳಿಂದ ಏಳುನೂರಕ್ಕೂ ಹೆಚ್ಚಿನವರೆಗೆ ಬೇರೆ ಬೇರೆ ಲೆಕ್ಕಗಳುಂಟು. ಆಸ್ಟ್ರೇಲಿಯಾ ದೇಶದ ವಿಶ್ವವಿದ್ಯಾಲಯವೊಂದರ ಮೆರಿಡಿತ್ ಜಾಯ್ಸ್ ಮತ್ತು ಅವರ ಸಂಗಡಿಗರು ೨೦೨೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದು ಸುಮಾರು ೫೫೦ ಜ್ಯೋತಿರ್ವರ್ಷ. ನಾವು ಈ ಲೆಕ್ಕವನ್ನೇ ಹಿಡಿದು ಹೊರಡೋಣ.

ಇದರ ಅರ್ಥವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ, ಅಂದು ಮಾಳಿಗೆಯ ಮೇಲೆ ನನ್ನ ಮೊಮ್ಮಗಳ ಕಣ್ಣಿಗೆ ಬಿದ್ದ ಬೆಳಕು ಆ ನಕ್ಷತ್ರವನ್ನು ಬಿಟ್ಟು ಹೊರಟದ್ದು ವಿಜಯನಗರದ ಅರಸರ ಕಾಲದಲ್ಲಿ. ಆಗ ಹಂಪೆಯ ಬೀದಿಗಳಲ್ಲಿ ಸಂತೆ ನೆರೆಯುತ್ತಿತ್ತು. ಬೆಳಕು ಹಾದಿಯಲ್ಲಿರುವಾಗಲೇ ೧೫೬೫ರ ಯುದ್ಧವಾಯಿತು, ಆ ನಗರವು ಹಾಳಾಯಿತು, ಅರಸುಮನೆತನಗಳು ಬಂದು ಹೋದುವು, ನಮ್ಮ ಅಜ್ಜಂದಿರ ಅಜ್ಜಂದಿರು ಹುಟ್ಟಿ ಬಾಳಿ ಅಳಿದರು. ಆ ಕಿರಣವು ಎಲ್ಲಿಯೂ ತಂಗದೆ ನಡೆದು ಬಂದು ಒಂದು ಮಗುವಿನ ಕಣ್ಣಿನಲ್ಲಿ ತನ್ನ ಪಯಣವನ್ನು ಮುಗಿಸಿತು. ಆರ್ದ್ರೆಯ ವಿಷಯದಲ್ಲಿ ನಮಗೆ ತಿಳಿದಿರುವ ಸಮಾಚಾರವೆಲ್ಲ ಹೀಗೆ ಹಳೆಯ ಅಂಚೆಯಲ್ಲಿ ಬಂದದ್ದು.

ಎರಡನೆಯ ಪ್ರಶ್ನೆ: ಯಾವ ವಾಹನ? ಮನುಷ್ಯನು ಕಳುಹಿಸಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ ಎಂಬ ಹೆಸರಿನ ಮೊದಲನೆಯ ನೌಕೆ. ಅಮೆರಿಕದವರು ಅದನ್ನು ೧೯೭೭ರ ಸೆಪ್ಟೆಂಬರ್ ೫ರಂದು ಹಾರಿಸಿದರು. ಅದು ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಅದಕ್ಕೆ ಹತ್ತು ಸೆಕೆಂಡು ಸಾಕು. ಆದರೆ ಅದೇ ವೇಗದಲ್ಲಿ ಆರ್ದ್ರೆಗೆ ಹೊರಟರೆ ತಲಪುವುದಕ್ಕೆ ಸುಮಾರು ೯೭ ಲಕ್ಷ ವರ್ಷಗಳು ಬೇಕು! ವೇಗದಲ್ಲಿ ಎಲ್ಲವನ್ನೂ ಮೀರಿಸಿದ ನೌಕೆ ಪಾರ್ಕರ್ ಎಂಬುದು. ಅದು ೨೦೨೪ರ ಡಿಸೆಂಬರ್ ೨೪ರಂದು ಸೂರ್ಯನ ಮೇಲ್ಮೈಯಿಂದ ೬೧ ಲಕ್ಷ ಕಿಲೋಮೀಟರಿನಷ್ಟು ಹತ್ತಿರಕ್ಕೆ ಹೋಗಿ ಬಂದಿತು. ಸೂರ್ಯನ ಆಕರ್ಷಣೆಯಿಂದ ಆಗ ಅದರ ವೇಗವು ಸೆಕೆಂಡಿಗೆ ೧೯೨ ಕಿಲೋಮೀಟರಿಗೆ ಏರಿತ್ತು. ಆ ವೇಗವನ್ನೇ ಎಲ್ಲಿಯೂ ಕಳೆದುಕೊಳ್ಳದೆ ಓಡಿದರೂ ಆರ್ದ್ರೆಗೆ ಎಂಟೂವರೆ ಲಕ್ಷ ವರ್ಷಗಳ ಪ್ರಯಾಣ.

ನಮ್ಮ ದೇಶವೂ ಒಂದು ನಕ್ಷತ್ರದ ಹೊಸ್ತಿಲಿನ ಕಡೆಗೆ ಹೆಜ್ಜೆಯಿಟ್ಟಿದೆ. ಸೂರ್ಯನೂ ಒಂದು ನಕ್ಷತ್ರವೇ ಅಷ್ಟೆ. ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ನೌಕೆಯು ೨೦೨೪ರ ಜನವರಿ ೬ರಂದು ತನ್ನ ನೆಲೆಯನ್ನು ಸೇರಿತು. ಅದರ ಮುಖ್ಯ ದರ್ಶಕಯಂತ್ರವನ್ನು ಕಟ್ಟಿದವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿದ್ವಾಂಸರು. ಆ ನೆಲೆಯು ಭೂಮಿಯಿಂದ ೧೫ ಲಕ್ಷ ಕಿಲೋಮೀಟರು. ಎಂದರೆ ಸೂರ್ಯನ ದಾರಿಯಲ್ಲಿ ನೂರಕ್ಕೆ ಒಂದು ಪಾಲು. ಮನೆಯ ನಕ್ಷತ್ರಕ್ಕೇ ಇಷ್ಟು ಪ್ರಯಾಸವಾದರೆ ದೂರದ ನಕ್ಷತ್ರದ ಮಾತೇನು?

ದಾರಿ ಉದ್ದವಾದರೆ ಆಗಲಿ, ತಲೆಮಾರುಗಳ ಮೇಲೆ ತಲೆಮಾರುಗಳು ನೌಕೆಯಲ್ಲಿಯೇ ಬಾಳಿ ಹೋಗಿ ಸೇರಲಿ ಎನ್ನೋಣವೆ? ಅದಕ್ಕೂ ಒಂದು ಅಡ್ಡಿಯುಂಟು. ಆರ್ದ್ರೆಯು ನಮಗಾಗಿ ಕಾದಿರುವುದಿಲ್ಲ. ಸೂರ್ಯನ ವಯಸ್ಸು ಸುಮಾರು ೪೬೦ ಕೋಟಿ ವರ್ಷ, ಇನ್ನೂ ಅಷ್ಟೇ ಕಾಲ ಬಾಳತಕ್ಕವನು. ಆರ್ದ್ರೆಯ ವಯಸ್ಸಾದರೋ ಹೆಚ್ಚೆಂದರೆ ಒಂದು ಕೋಟಿ ವರ್ಷ. ನಕ್ಷತ್ರಗಳ ಸಂಸಾರದಲ್ಲಿ ಇದು ಕೂಸಿನ ವಯಸ್ಸು; ಆದರೂ ಅದಕ್ಕೆ ಮುಪ್ಪು ಬಂದುಬಿಟ್ಟಿದೆ. ಸೂರ್ಯನಿಗಿಂತ ಹದಿನೈದಿಪ್ಪತ್ತು ಪಾಲು ಹೆಚ್ಚು ದ್ರವ್ಯದೊಡನೆ ಹುಟ್ಟಿದ ಆ ನಕ್ಷತ್ರವು ತನ್ನ ಸೌದೆಯನ್ನು ಸಾವಿರಾರು ಪಾಲು ರಭಸದಿಂದ ಉರಿಸಿತು. ದೊಡ್ಡ ಆಸ್ತಿಯನ್ನು ಪಡೆದವನು ಕೈಬಿಚ್ಚಿ ಖರ್ಚು ಮಾಡಿ ಬೇಗನೆ ಬರಿಗೈಯಾಗುವಂತೆ ಇದರ ಪಾಡು. ಇನ್ನು ಒಂದು ಲಕ್ಷ ವರ್ಷಗಳ ಸುಮಾರಿನೊಳಗೆ ಅದು ಸಿಡಿದು ಮುಗಿಯುವುದೆಂದು ಹೆಚ್ಚಿನ ವಿದ್ವಾಂಸರ ಅಂದಾಜು. ವಾಯೇಜರ್‌ನಂತಹ ನೌಕೆಯಲ್ಲಿ ಹೊರಟವರು ಆರ್ದ್ರೆಯನ್ನು ಹುಡುಕಿಕೊಂಡು ಹೋಗಿ ಅದರ ಬೂದಿಯನ್ನೂ ಕಾಣಲಾರರು. ಒಂದು ಲಕ್ಷ ವರ್ಷದೊಳಗೆ ಸೇರಬೇಕಾದರೆ ಸೆಕೆಂಡಿಗೆ ೧೬೫೦ ಕಿಲೋಮೀಟರಾದರೂ ಓಡಬೇಕು. ಅದು ಪಾರ್ಕರ್‌ನ ವೇಗಕ್ಕೆ ಎಂಟು ಮಡಿಗೂ ಮೇಲು. ಅಂತಹ ವಾಹನವು ಇಂದು ಯಾರ ಕೊಟ್ಟಿಗೆಯಲ್ಲಿಯೂ ಇಲ್ಲ.

ವಾಹನವು ಸಿದ್ಧಿಸಿತೆಂದೇ ಊಹಿಸಿಕೊಳ್ಳೋಣ, ಊಹೆಗೆ ಸುಂಕವಿಲ್ಲ. ಭೂಮಿಯ ಮೇಲೆ ನಮ್ಮ ಮೈಗೆ ಎಷ್ಟು ಭಾರ ತೋರುವುದೋ ಅಷ್ಟೇ ತೋರುವಂತೆ ಆ ನೌಕೆಯು ಅರ್ಧ ದಾರಿಯವರೆಗೆ ಒಂದೇ ಸಮನೆ ವೇಗವನ್ನು ಹೆಚ್ಚಿಸಿಕೊಳ್ಳುತ್ತ, ಮಿಕ್ಕರ್ಧದಲ್ಲಿ ಅದೇ ಕ್ರಮದಿಂದ ತಗ್ಗಿಸುತ್ತ ಹೋಗಲಿ. ಬೆಳಕಿನ ವೇಗವನ್ನು ಅದು ಎಂದಿಗೂ ಮುಟ್ಟಲಾರದು; ಆದರೆ ತೀರ ಸಮೀಪಿಸಬಲ್ಲದು. ಆಲ್ಬರ್ಟ್ ಐನ್‌ಸ್ಟೈನರು ೧೯೦೫ರಲ್ಲಿ ತಿಳಿಸಿದ ತತ್ತ್ವದಂತೆ ಅಂತಹ ನೌಕೆಯೊಳಗೆ ಕಾಲವು ಮೆಲ್ಲನೆ ನಡೆಯುತ್ತದೆ. ಲೆಕ್ಕ ಹಾಕಿ ನೋಡಿದರೆ ಯಾತ್ರಿಕರ ಪಾಲಿಗೆ ಆರ್ದ್ರೆಯ ದಾರಿ ಹನ್ನೆರಡು ವರ್ಷ ಮತ್ತು ಕೆಲವು ತಿಂಗಳುಗಳು ಮಾತ್ರ! ಕಾಲ್ನಡಿಗೆಯಲ್ಲಿ ಕಾಶಿಗೆ ಹೋಗುತ್ತಿದ್ದ ಕಾಲದವರಿಗೆ ಇದು ತೀರ ಹೊಸ ಮಾತಲ್ಲ. ಆದರೆ ಅವರು ಬಿಟ್ಟು ಬಂದ ಭೂಮಿಯಲ್ಲಿ ಆ ಹೊತ್ತಿಗೆ ೫೫೦ ವರ್ಷಗಳು ಕಳೆದಿರುತ್ತವೆ. ಈ ಲೆಕ್ಕವನ್ನು ಸದ್ಯಕ್ಕೆ ಮೂಲೆಗಿಡೋಣ; ಹಿಂದಿರುಗುವಾಗ ಬೇಕಾಗುವುದು.

ಮೂರನೆಯ ಪ್ರಶ್ನೆ: ಇಳಿದುಕೊಳ್ಳುವುದೆಲ್ಲಿ? ಈ ಮಹಾದೈತ್ಯನ ಬಾಗಿಲಿನವರೆಗೆ ಹೋಗುವುದು ವಿವೇಕವಲ್ಲ. ಅದು ಚೆಲ್ಲುವ ಒಟ್ಟು ಕಾಂತಿಯು ಸುಮಾರು ಒಂದು ಲಕ್ಷ ಸೂರ್ಯರಿಗೆ ಸಮಾನ. ಭೂಮಿಯ ಮೇಲೆ ನಮಗೆ ಬೀಳುವಷ್ಟೇ ಹಿತವಾದ ಬಿಸಿಲು ಬೇಕಾದರೆ ಅದರಿಂದ ಭೂಮಿ ಮತ್ತು ಸೂರ್ಯರ ನಡುವಣ ಅಂತರಕ್ಕೆ ಮುನ್ನೂರು ಮಡಿಯಷ್ಟು ದೂರದಲ್ಲಿ ಬಿಡಾರ ಹೂಡಬೇಕು. ಅದು ೪೫೦೦ ಕೋಟಿ ಕಿಲೋಮೀಟರು. ವಾಯೇಜರ್ ನೌಕೆಯು ೧೯೭೭ರಿಂದ ಬಿಡದೆ ಓಡಿಯೂ ಸೂರ್ಯನಿಂದ ಇನ್ನೂ ಅಷ್ಟು ದೂರ ಹೋಗಿಲ್ಲ. ಅಷ್ಟು ದೂರದಿಂದಲೂ ಆರ್ದ್ರೆಯ ಬಿಂಬವು ನಮ್ಮ ಸೂರ್ಯಬಿಂಬಕ್ಕಿಂತ ಎರಡೂವರೆ ಪಾಲು ಅಗಲವಾಗಿ ತೋರುವುದು. ಬೆಳಕು ಸಂಜೆಯ ಹೊಂಬಿಸಿಲಿನಂತೆ. ಅಲ್ಲಿ ಮಧ್ಯಾಹ್ನವೆಂಬುದಿಲ್ಲ, ಹೊತ್ತೆಲ್ಲವೂ ಇಳಿಹೊತ್ತೇ.

ಆ ಬಣ್ಣಕ್ಕೆ ಕಾರಣವನ್ನು ನಮ್ಮೂರ ಕುಲುಮೆಯಲ್ಲಿ ಕಾಣಬಹುದು. ಕಬ್ಬಿಣವು ಕಾದಂತೆ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಕಡೆಗೆ ಬಿಳುಪಾಗುತ್ತದೆ. ಸೂರ್ಯನ ಮೇಲ್ಮೈಯ ಉಷ್ಣತೆ ೫೫೦೦ ಡಿಗ್ರಿ ಸೆಂಟಿಗ್ರೇಡಿನ ಸುಮಾರು. ಆರ್ದ್ರೆಯದು ೩೩೦೦ರ ಸುಮಾರು. ನಕ್ಷತ್ರಗಳ ಪೈಕಿ ಇದು ತಣ್ಣನೆಯದೆಂದೇ ಹೇಳಬೇಕು. ಹಾಗೆಂದು ಸಲಿಗೆ ಮಾಡತಕ್ಕದ್ದಲ್ಲ. ಕಬ್ಬಿಣವು ಆ ಬೇಗೆಯಲ್ಲಿ ಕರಗಿ, ಕುದಿದು, ಆವಿಯಾಗಿ ಹೋಗುವುದು.

ನಾಲ್ಕನೆಯ ಪ್ರಶ್ನೆ: ನೋಡತಕ್ಕದ್ದೇನು? ಮೊದಲು ಆಕಾರವನ್ನು ನೋಡಬೇಕು. ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರದ ಅಗಲವನ್ನು ಮನುಷ್ಯನು ಮೊತ್ತಮೊದಲು ಅಳೆದದ್ದು ಆರ್ದ್ರೆಯ ವಿಷಯದಲ್ಲಿಯೇ. ೧೯೨೦ರ ಡಿಸೆಂಬರ್ ೧೩ರ ರಾತ್ರಿ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ, ನೂರು ಅಂಗುಲದ ದೂರದರ್ಶಕಕ್ಕೆ ಇಪ್ಪತ್ತು ಅಡಿಯ ತೊಲೆಯನ್ನು ಬಿಗಿದು, ಅದರ ಮೇಲಿನ ಕನ್ನಡಿಗಳಿಂದ ಬಂದ ಬೆಳಕಿನ ಅಲೆಗಳನ್ನು ಒಂದುಗೂಡಿಸಿ ಅಳೆದರು. ಯುಕ್ತಿ ಮೈಕೆಲ್ಸನ್ನರದು, ಅಳೆದವರು ಪೀಸ್ ಮತ್ತು ಆಂಡರ್ಸನ್. ನೂರಹತ್ತು ಕಿಲೋಮೀಟರು ದೂರದಲ್ಲಿಟ್ಟ ಒಂದಂಗುಲದ ನಾಣ್ಯವು ಎಷ್ಟು ಅಗಲವಾಗಿ ತೋರುವುದೋ ಅಷ್ಟೇ ಅಗಲವಾಗಿ ಆರ್ದ್ರೆಯು ತೋರುವುದೆಂದು ತಿಳಿದುಬಂದಿತು. ಅಷ್ಟು ದೂರದಲ್ಲಿದ್ದೂ ಅಷ್ಟು ತೋರಬೇಕಾದರೆ ಅದರ ನಿಜವಾದ ಗಾತ್ರವೆಷ್ಟಿರಬೇಡ! ೨೦೨೦ರ ಲೆಕ್ಕದಂತೆ ಅದರ ಅಗಲವು ಸೂರ್ಯನ ಅಗಲಕ್ಕೆ ಸುಮಾರು ೭೬೪ ಮಡಿ. ಸೂರ್ಯನ ಪೀಠದ ಮೇಲೆ ಅದನ್ನು ಕೂರಿಸಿದರೆ ಬುಧ, ಶುಕ್ರ, ಭೂಮಿ, ಮಂಗಳಗಳು ಓಡಾಡುವ ದಾರಿಗಳೆಲ್ಲ ಅದರ ಹೊಟ್ಟೆಯೊಳಗೆ ಸೇರುವುವು. ಗಂಟೆಗೆ ೯೦೦ ಕಿಲೋಮೀಟರು ಹಾರುವ ವಿಮಾನವು ಅದನ್ನು ಒಂದು ಪ್ರದಕ್ಷಿಣೆ ಮಾಡಬೇಕಾದರೆ ನಾನೂರು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಇಷ್ಟು ದೊಡ್ಡ ದೈತ್ಯನು ಗಟ್ಟಿಯಾಗಿದ್ದಾನೆಯೇ ಎಂದರೆ, ಇಲ್ಲ. ನಲವತ್ತು ಕೋಟಿಗೂ ಹೆಚ್ಚು ಸೂರ್ಯಗೋಲಗಳು ಹಿಡಿಸುವ ಆ ಜಾಗದಲ್ಲಿ ಇರುವ ದ್ರವ್ಯವು ಹದಿನೈದಿಪ್ಪತ್ತು ಸೂರ್ಯರಷ್ಟು ಮಾತ್ರ. ಸರಾಸರಿ ನೋಡಿದರೆ ನಾವು ಉಸಿರಾಡುವ ಗಾಳಿಗಿಂತ ಹತ್ತು ಸಾವಿರ ಮಡಿಗೂ ಹೆಚ್ಚು ತೆಳುವು. ಮಧ್ಯದ ಗರ್ಭದಲ್ಲಿ ಮಾತ್ರ ದ್ರವ್ಯವು ಅತಿ ದಟ್ಟ; ಹೊರಗಿನದೆಲ್ಲ ಕಾದ ಮಂಜು. ಅರವತ್ತು ಕಿಲೋ ತೂಕದ ಮನುಷ್ಯನು ಅದರ ಮೇಲ್ಮೈಯಲ್ಲಿ ಐವತ್ತು ಗ್ರಾಂ ತೂಗುವನು. ಆದರೆ ನಿಲ್ಲುವುದಕ್ಕೆ ಅಲ್ಲಿ ನೆಲವೆಲ್ಲಿ? ಇಂತಲ್ಲಿಗೆ ನಕ್ಷತ್ರ ಮುಗಿಯಿತು, ಇಂತಲ್ಲಿಂದ ಬಯಲು ಮೊದಲಾಯಿತು ಎಂದು ಗೆರೆ ಎಳೆಯಲಾಗದು. ಮಂಜು ಕವಿದ ಮುಂಜಾನೆ ಮಲೆನಾಡಿನ ಗುಡ್ಡದ ಅಂಚನ್ನು ಹುಡುಕುವಂತೆ ಯಾತ್ರಿಕನು ಅದರ ಅಂಚನ್ನು ಹುಡುಕಬೇಕು.

ಆ ಮಂಜು ಸುಮ್ಮನೆಯೂ ಇರುವುದಿಲ್ಲ. ಒಲೆಯ ಮೇಲಿನ ಎಸರಿನಂತೆ ಕೊತಕೊತನೆ ಕುದಿಯುತ್ತಿರುತ್ತದೆ. ಸೂರ್ಯನ ಮೇಲೂ ಇಂತಹ ಕುದಿತವುಂಟು. ಅಲ್ಲಿಯ ಒಂದೊಂದು ಗುಳ್ಳೆಯ ಅಗಲ ಸಾವಿರ ಕಿಲೋಮೀಟರಿನ ಸುಮಾರು. ಆರ್ದ್ರೆಯ ಗುಳ್ಳೆಗಳಾದರೋ ಕೋಟ್ಯಂತರ ಕಿಲೋಮೀಟರು ಅಗಲದವು. ಇದರ ಜೊತೆಗೆ ಇಡಿಯ ನಕ್ಷತ್ರವೇ ಸುಮಾರು ನಾನೂರು ದಿನಗಳಿಗೊಮ್ಮೆ ಎದೆಯುಬ್ಬಿಸಿ ಎದೆ ತಗ್ಗಿಸುತ್ತದೆ. ಅದರ ಕಾಂತಿಯ ಏರಿಳಿತವನ್ನು ೧೮೩೬ರಲ್ಲಿಯೇ ಜಾನ್ ಹರ್ಷೆಲರು ಕಂಡಿದ್ದರು.

ಈ ಏರಿಳಿತವು ಒಮ್ಮೆ ನನ್ನನ್ನು ಗಾಬರಿಪಡಿಸಿತ್ತು. ೨೦೧೯ರ ಕೊನೆಯಲ್ಲಿ ಆರ್ದ್ರೆಯು ಮಂಕಾಗತೊಡಗಿತು. ೨೦೨೦ರ ಫೆಬ್ರವರಿಯಲ್ಲಿ ಅದರ ಕಾಂತಿಯು ಎಂದಿನ ಮೂರರಲ್ಲೊಂದು ಪಾಲಿನ ಸುಮಾರಿಗೆ ಇಳಿಯಿತು. ಅದನ್ನು ಅರಿಯಲು ಯಂತ್ರವೇನೂ ಬೇಕಿರಲಿಲ್ಲ. ನಾನು ಚಿಕ್ಕಂದಿನಿಂದ ಕಂಡ ಆ ಕೆಂಡವು ಪಕ್ಕದ ಸಾಧಾರಣ ನಕ್ಷತ್ರಗಳ ಸಾಲಿಗೆ ಇಳಿದದ್ದನ್ನು ಈ ಮುದಿಗಣ್ಣುಗಳೇ ನೋಡಿದುವು. ಹೊಲದ ಬದುವಿನ ಮೇಲೆ ನಿಂತು ನನಗೆ ಆ ನಕ್ಷತ್ರವನ್ನು ಮೊದಲು ತೋರಿಸಿದವರು ನನ್ನ ತಂದೆ. ಅವರು ತೋರಿಸಿದ್ದರಲ್ಲಿ ಹೊಲವು ಮಾರಿಹೋಗಿದೆ, ಬಾವಿಯು ಬತ್ತಿದೆ, ನಕ್ಷತ್ರವೊಂದು ಉಳಿದಿತ್ತು. ಅದೂ ಹೋಗುವುದೇ ಎಂದು ರಾತ್ರಿ ಎದ್ದೆದ್ದು ಮಾಳಿಗೆಗೆ ಹೋಗಿ ನೋಡುತ್ತಿದ್ದೆನು. ಏಪ್ರಿಲಿನ ಹೊತ್ತಿಗೆ ಅದು ಮತ್ತೆ ಬೆಳಗಿತು. ಆಮೇಲೆ ತಿಳಿದದ್ದೇನೆಂದರೆ, ನಕ್ಷತ್ರವು ತನ್ನ ಮೈಯ ಒಂದು ತುಣುಕನ್ನು ಹೊರಕ್ಕೆ ಎಸೆದಿತ್ತು. ಆ ತುಣುಕು ನಮ್ಮ ಚಂದ್ರನ ಹಲವು ಪಾಲಿನಷ್ಟಿತ್ತು. ಅದು ತಣಿದು ಧೂಳಾಗಿ ನಮಗೂ ನಕ್ಷತ್ರಕ್ಕೂ ನಡುವೆ ಪರದೆ ಕಟ್ಟಿತ್ತು. ನಾನು ಗಾಬರಿಗೊಂಡ ಆ ಘಟನೆಯೂ ವಿಜಯನಗರದ ಕಾಲದಲ್ಲಿ ನಡೆದು ಹೋದದ್ದೇ!

ನೋಡತಕ್ಕ ಇನ್ನೊಂದು ವಸ್ತುವೂ ಉಂಟು. ಆರ್ದ್ರೆಯು ಒಂಟಿಯಲ್ಲ ಎಂಬ ಸಂದೇಹವು ಬಹುಕಾಲದಿಂದ ಇದ್ದಿತು. ೨೦೨೫ರ ಜುಲೈಯಲ್ಲಿ, ಹವಾಯಿ ದ್ವೀಪದ ಮೌನಾ ಕೀ ಪರ್ವತದ ಮೇಲಿರುವ ಜೆಮಿನಿ ದೂರದರ್ಶಕದಿಂದ ನೋಡಿದ ವಿದ್ವಾಂಸರು, ಅದರ ಮಗ್ಗುಲಲ್ಲಿಯೇ ಮಸುಕಾದ ಒಂದು ಚಿಕ್ಕ ನಕ್ಷತ್ರವು ಕಂಡಿತೆಂದು ತಿಳಿಸಿದರು. ಅದು ದೈತ್ಯನ ಹೊರಮೈಯ ತೆಳುವಾದ ಮಂಜಿನೊಳಗೆ ಹೊಕ್ಕು ಸುಮಾರು ಆರು ವರ್ಷಗಳಿಗೊಂದು ಸುತ್ತು ಬರುತ್ತದೆಂದು ಎಣಿಕೆ. ಬಳೆ ಎಂಬರ್ಥದ ಸಿವಾರ್ಹಾ ಎಂಬ ಅರಬ್ಬೀ ಹೆಸರನ್ನು ಅದಕ್ಕೆ ಸೂಚಿಸಿದ್ದಾರೆ. ಮುಂದೊಂದು ದಿನ ದೈತ್ಯನು ಈ ಬಳೆಯನ್ನು ನುಂಗಿಬಿಡುವನೆಂದೂ ಹೇಳುತ್ತಾರೆ.

ಯಾತ್ರಾಸ್ಥಳದಲ್ಲಿ ನಿಂತವನು ಒಮ್ಮೆ ತನ್ನೂರಿನ ದಿಕ್ಕಿಗೆ ತಿರುಗಿ ನೋಡುವುದು ಸಹಜ. ಆರ್ದ್ರೆಯ ಬಿಡಾರದಿಂದ ನೋಡಿದರೆ ಏನು ಕಾಣುವುದು? ಭೂಮಿಯ ಮಾತಿರಲಿ, ಸೂರ್ಯನೇ ಬರಿಗಣ್ಣಿಗೆ ಕಾಣುವುದಿಲ್ಲ. ಅಷ್ಟು ದೂರದಿಂದ ಅವನು ಹನ್ನೊಂದನೆಯ ತರಗತಿಯ ಚುಕ್ಕೆ. ದೂರದರ್ಶಕವನ್ನು ಹಿಡಿದು ಹುಡುಕಬೇಕು. ನಾವು ನಿತ್ಯವೂ ಅರ್ಘ್ಯ ಕೊಡುವ, ಪಂಚಾಂಗವನ್ನೆಲ್ಲ ಯಾರಿಗಾಗಿ ಬರೆದಿದ್ದೇವೆಯೋ ಆ ಸೂರ್ಯನು ಅಲ್ಲಿಯ ಆಕಾಶದಲ್ಲಿ ಲೆಕ್ಕಕ್ಕೇ ಇಲ್ಲ! ನಮ್ಮ ಮನೆ, ಬೀದಿ, ಊರು, ದೇಶ, ನಮ್ಮ ಜಗಳ ಮತ್ತು ನಮ್ಮ ಹಬ್ಬ, ಎಲ್ಲವೂ ಆ ಕಾಣದ ಚುಕ್ಕೆಯ ಮಗ್ಗುಲಲ್ಲಿವೆ ಎಂಬುದನ್ನು ನೆನೆದರೆ ಎಂತಹ ಯಾತ್ರಿಕನ ಗಂಟಲೂ ಕಟ್ಟುವುದು.

ಅಲ್ಲಿ ಹೆಚ್ಚು ದಿನ ನಿಲ್ಲತಕ್ಕದ್ದಲ್ಲ. ಆರ್ದ್ರೆಯ ಗರ್ಭದಲ್ಲಿ ಜಲಜನಕವು ತೀರಿ, ಹೀಲಿಯಂ ಉರಿದು ಇಂಗಾಲವೂ ಆಮ್ಲಜನಕವೂ ಆಗುತ್ತಿವೆಯೆಂದು ವಿದ್ವಾಂಸರು ತಿಳಿದಿದ್ದಾರೆ. ಮುಂದೆ ಇಂಗಾಲ, ಆಮೇಲೆ ಇನ್ನೂ ಭಾರವಾದವು ಒಂದಾದಮೇಲೊಂದು ಉರಿಯುವುವು. ಪ್ರತಿಯೊಂದೂ ಹಿಂದಿನದಕ್ಕಿಂತ ಬೇಗನೆ. ಕಡೆಯ ಸೌದೆ ಕೆಲವು ದಿನಗಳಲ್ಲಿ ಮುಗಿದು ಕಬ್ಬಿಣವು ಉಳಿಯುವುದು. ಕಬ್ಬಿಣದಿಂದ ಕಾವು ಹುಟ್ಟದು. ಆಗ ಒಳಗಿನ ಆಸರೆಯು ತಪ್ಪಿ, ಕೋಟಿ ವರ್ಷ ಬೆಳೆದ ಗರ್ಭವು ಒಂದು ಸೆಕೆಂಡಿನೊಳಗೆ ಕುಸಿದು, ಹೊರಮೈ ಸಿಡಿದು ಚದರುವುದು. ಇಂತಹ ಸಿಡಿತಕ್ಕೆ ಸೂಪರ್‌ನೋವಾ ಎಂದು ಹೆಸರು. ೧೦೫೪ರಲ್ಲಿ ವೃಷಭರಾಶಿಯಲ್ಲಿ ಕಂಡ ಇಂತಹದೊಂದನ್ನು ಚೀನದವರು ೨೩ ದಿನ ಹಗಲಿನಲ್ಲಿಯೂ ನೋಡಿದರೆಂದು ಬರೆದಿಟ್ಟಿದ್ದಾರೆ; ಅದು ಆರ್ದ್ರೆಗಿಂತ ಹತ್ತು ಮಡಿಗೂ ದೂರದ್ದು. ೧೯೮೭ರ ಫೆಬ್ರವರಿ ೨೩ರಂದು ನೆರೆಯ ನಕ್ಷತ್ರಮಂಡಲವೊಂದರಲ್ಲಿ ಮತ್ತೊಂದು ಸಿಡಿದಾಗ, ಬೆಳಕಿಗಿಂತ ಕೆಲವು ಗಂಟೆಗಳ ಮೊದಲು ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮವಾದ ಕಣಗಳು ಭೂಮಿಗೆ ಬಂದು ಸುದ್ದಿಯನ್ನು ಮುಟ್ಟಿಸಿದುವು. ಆರ್ದ್ರೆಯು ಸಿಡಿದ ದಿನ ಅದು ಅರ್ಧಚಂದ್ರನಷ್ಟು ಬೆಳಗುವುದು, ಹಗಲಿನಲ್ಲಿಯೂ ತೋರುವುದು. ಇಷ್ಟು ದೂರದಲ್ಲಿರುವ ನಮಗೆ ಅದರಿಂದ ಅಪಾಯವಿಲ್ಲ. ಕೆಲವು ವರ್ಷಗಳ ಮೇಲೆ ಬರಿಗಣ್ಣಿಗೆ ಮರೆಯಾಗುವುದು. ಮಹಾವ್ಯಾಧನ ಹೆಗಲು ಬರಿದಾಗುವುದು.

ಇನ್ನು ಐದನೆಯ ಪ್ರಶ್ನೆ: ಹಿಂದಿರುಗುವುದೆಂದಿಗೆ? ಅಂದು ಮಾಳಿಗೆಯ ಮೇಲೆ ನಾನು ಮೊಮ್ಮಗಳಿಗೆ ಆ ಹನ್ನೆರಡು ವರ್ಷದ ನೌಕೆಯ ಕಥೆಯನ್ನು ಹೇಳಿ ಉಬ್ಬಿಸುತ್ತಿದ್ದಾಗ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನಾಕೆಯು, “ಹೋಗುವ ಮಾತನ್ನೇ ಹೇಳುತ್ತೀರಿ. ಮಗು ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ಅದನ್ನು ಹೇಳಿ” ಎಂದಳು. ಮೂಲೆಗಿಟ್ಟಿದ್ದ ಲೆಕ್ಕವು ಆಗ ಹೊರಕ್ಕೆ ಬಂದಿತು. ಹೋಗಲು ಹನ್ನೆರಡು, ಬರಲು ಹನ್ನೆರಡು. ಇಪ್ಪತ್ತರ ಹುಡುಗಿ ಹೊರಟರೆ ನಲವತ್ತೈದರ ಗೃಹಿಣಿಯಾಗಿ ಹಿಂದಿರುಗುವಳು. ಆದರೆ ಇಲ್ಲಿ ಆಗ ೧೧೦೦ ವರ್ಷಗಳು ಕಳೆದಿರುತ್ತವೆ. ಮನೆಯಿಲ್ಲ, ಮನೆಯವರಿಲ್ಲ, ಅವಳ ಮಾತನ್ನು ತಿಳಿಯುವವರಾದರೂ ಇರುವರೋ ಇಲ್ಲವೋ.

ಭಾಗವತದಲ್ಲಿ ರೈವತನೆಂಬ ಅರಸನ ಕಥೆಯುಂಟು. ಮಗಳು ರೇವತಿಗೆ ವರನಾರೆಂದು ಕೇಳುವುದಕ್ಕಾಗಿ ಅವನು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಾನ ನಡೆಯುತ್ತಿತ್ತು. ಮುಗಿಯುವವರೆಗೆ ಕ್ಷಣಕಾಲ ಕಾದನು. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುಹೋಗಿದ್ದುವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೂ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳ ಹೆಸರೂ ಇಲ್ಲ. ಕಥೆಯನ್ನು ಹೇಳಿದವರಿಗೆ ಐನ್‌ಸ್ಟೈನರ ತತ್ತ್ವವು ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ತೀರ ದೂರ ಹೋದವನು ತೆರತಕ್ಕ ಬೆಲೆ ಯಾವುದೆಂಬುದು ಮಾತ್ರ ಅವರಿಗೆ ತಿಳಿದಿತ್ತು. ಆ ಬೆಲೆಯನ್ನು ಕೊಡಲು ಒಪ್ಪಿ ಮುಂದೊಂದು ಕಾಲದಲ್ಲಿ ಹೊರಡುವ ಸಾಹಸಿಗಳು ಇದ್ದಾರು. ಅವರಿಗೆ ನಮ್ಮ ಆಶೀರ್ವಾದವಿರಲಿ. ನನ್ನ ಮೊಮ್ಮಗಳು ಅಜ್ಜಿಯ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದೇ ಇಲ್ಲಿಗೆ ಬರಲಿ” ಎಂದಳು.

ಮಗುವಿನ ಮಾತು ಬರಿಯ ಹಟವಲ್ಲ. ಆರ್ದ್ರೆಯಂತಹ ದೈತ್ಯ ನಕ್ಷತ್ರಗಳು ಆಗಲೇ ಇಲ್ಲಿಗೆ ಬಂದಾಗಿದೆ. ಸೂರ್ಯನೂ ಭೂಮಿಯೂ ಹುಟ್ಟುವುದಕ್ಕೆ ಮೊದಲು ಎಷ್ಟೋ ಮಹಾದೈತ್ಯರು ಹುಟ್ಟಿ, ಉರಿದು, ಸಿಡಿದು, ತಮ್ಮ ಗರ್ಭದಲ್ಲಿ ಪಕ್ವವಾದದ್ದನ್ನು ಬಯಲಿಗೆ ಚೆಲ್ಲಿದರು. ಜಗತ್ತಿನಲ್ಲಿರುವ ಆಮ್ಲಜನಕದ ಬಹುಪಾಲು ಅಂತಹ ನಕ್ಷತ್ರಗಳ ಪಾಕಶಾಲೆಯಲ್ಲಿ ಆದದ್ದು. ನೀರಿನ ತೂಕದ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕವೇ. ಹಾಗಿದ್ದ ಮೇಲೆ ಜೂನ್ ತಿಂಗಳ ಕೊನೆಯಲ್ಲಿ ನಮ್ಮ ಹೆಂಚಿನ ಮೇಲೆ ಬಿದ್ದು, ಸೂರಿನಿಂದ ಇಳಿದು, ಹೊಲದ ಸಾಲನ್ನು ತುಂಬುವ ಒಂದೊಂದು ಹನಿಯಲ್ಲಿಯೂ ಅಳಿದುಹೋದ ದೈತ್ಯರ ದಾನವುಂಟು. ತೇವವೆಂಬ ಹೆಸರನ್ನು ಈ ಕೆಂಡಕ್ಕೆ ಇಟ್ಟವರು ಇದನ್ನು ಅರಿತು ಇಡಲಿಲ್ಲ. ಆದರೂ ಹೆಸರು ಸುಳ್ಳಾ‌ಗಲಿಲ್ಲ.

ಮುಂದಿನ ಆರಿದ್ರಾ ಮಳೆಯ ದಿನ ಮೋಡವು ಕವಿದಿರುವುದು, ನಕ್ಷತ್ರವು ಸೂರ್ಯನ ಹಿಂದೆ ಮರೆಯಾಗಿರುವುದು. ಆ ದಿನ ವಾಚಕರು ತಮ್ಮ ಮನೆಯ ಮಕ್ಕಳನ್ನು ಜಗಲಿಗೆ ಕರೆದು ಸೂರಿನ ನೀರಿಗೆ ಕೈಯೊಡ್ಡಲು ಹೇಳಲಿ. ಚಳಿಗಾಲ ಬಂದಾಗ ಅದೇ ಮಕ್ಕಳಿಗೆ ಮಾಳಿಗೆಯ ಮೇಲಿಂದ ಆ ಕೆಂಪು ನಕ್ಷತ್ರವನ್ನು ತೋರಿಸಲಿ. ಸದ್ಯಕ್ಕೆ ಗೃಹಸ್ಥರಾದ ನಮಗೆ ಒದಗಿರುವ ಆರ್ದ್ರಾ ಯಾತ್ರೆ ಇಷ್ಟೇ. ಇದರಲ್ಲಿ ಹೋದವರೆಲ್ಲರೂ ಅದೇ ರಾತ್ರಿ ಮನೆಗೆ ಹಿಂದಿರುಗಬಹುದು.